ಕರಿ ಕೋಟು ಬಿಚ್ಚಿದ ಕತ್ತಿ

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊಯ್ಲಿಗೆ ಮೊದಲು ಏನಾದರೂ ಕೆಲಸಕ್ಕೆ ಬರುವ ವಿಷಯ ಮಾತಾಡಿ ಎಂದು ವಾಚನಾಲಯದ ಹುಡುಗರು ಹೇಳಿದರು. ಅದಕ್ಕೆ ಎರಡು ಕತ್ತಿ ಹಿಡಿದುಕೊಂಡೇ ಬಂದಿದ್ದೇನೆ. ಕಾರ್ಖಾನೆಯ ಕತ್ತಿಯ ಮೈಮೇಲಿನ ಕರಿ ಕೋಟಿಂಗ್ ತೆಗೆಯುವುದು ಹೇಗೆ, ಅದೇ ಇವತ್ತಿನ ಮಾತು. ಬಸ್ಸಿನಲ್ಲಿ ಪಕ್ಕದವರು ಸ್ವಲ್ಪ ದೂರ ಸರಿದು ಕೂತರು, ಅದು ಬಿಡಿ.

ಇದು ನಮ್ಮ ಕಮ್ಮಾರ ಆಚಾರಿ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಬಡಿದು ಕೊಟ್ಟದ್ದು. ಇನ್ನೊಂದು, ಮೂರು ವರ್ಷದ ಹಿಂದೆ ಮಗ ಆನ್‌ಲೈನ್‌ನಲ್ಲಿ ತರಿಸಿದ್ದು. ಬಂದಾಗ ಈ ಎರಡನೆಯದು ಕಡುಕಪ್ಪು, ಮುಟ್ಟಿದರೆ ತರಿತರಿ. 1095 ಎಂಬ ಉಕ್ಕು. ಕೊನೆಯ ಎರಡು ಅಂಕೆ ಇಂಗಾಲದ ಲೆಕ್ಕ, ನೂರಕ್ಕೆ ಸುಮಾರು 0.95. ಕ್ರೋಮಿಯಂ ಇಲ್ಲವೇ ಇಲ್ಲ ಅನ್ನಬಹುದು. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಕನಿಷ್ಠ 10.5 ಶೇಕಡಾ ಕ್ರೋಮಿಯಂ ಬೇಕು. ಅದಿಲ್ಲದ ಉಕ್ಕು ಸಾಣೆಗೆ ಬೇಗ ಬಗ್ಗುತ್ತದೆ, ಒಳ್ಳೆ ಹರಿತ ಹಿಡಿಯುತ್ತದೆ, ನೀರು ಕಂಡರೆ ತುಕ್ಕನ್ನೂ ಹಿಡಿಯುತ್ತದೆ.

ಆ ತುಕ್ಕಿಗೆ ಹೆದರಿಯೇ ಕಾರ್ಖಾನೆಯವರು ಕೋಟಿಂಗ್ ಹಾಕುವುದು. ಇನ್ನೊಂದು ಕಾರಣ ಇದೆ, ಅದನ್ನು ಡಬ್ಬಿಯ ಮೇಲೆ ಬರೆಯುವುದಿಲ್ಲ. ಹದ ಹಾಕಿದ ಉಕ್ಕಿನ ಮೈಮೇಲೆ ಕರಿ ಹೊಪ್ಪಳೆ, ಸಣ್ಣ ಗುಳಿ ಇರುತ್ತವೆ. ಅದನ್ನೆಲ್ಲ ಉಜ್ಜಿ ನಯ ಮಾಡಲು ಕೂಲಿ ಜಾಸ್ತಿ. ಮೇಲೊಂದು ಪೌಡರ್ ಕೋಟಿಂಗ್, ಎಂದರೆ ಕಾಯಿಸಿ ಅಂಟಿಸುವ ಪುಡಿ ಬಣ್ಣ, ಹೊಡೆದರೆ ಎಲ್ಲ ಮುಚ್ಚಿಹೋಯಿತು. ಗೋಡೆಯ ಬಿರುಕಿಗೆ ಕ್ಯಾಲೆಂಡರ್ ತೂಗುಹಾಕಿದ ಹಾಗೆ.

ಹಾಗಾದರೆ ತೆಗೆಯುವುದು ಯಾಕೆ? ಕೋಟಿಂಗ್ ಇರುವುದು ಕತ್ತಿಯ ಕೆನ್ನೆಗೆ, ಎಂದರೆ ಎರಡು ಪಕ್ಕದ ಮೈಗೆ ಮಾತ್ರ. ಹರಿತದ ಬಾಯಿ ಮೊದಲ ದಿನದಿಂದಲೇ ಬತ್ತಲೆ, ತುಕ್ಕು ಬಂದು ಹಾಳಾಗುವುದೂ ಅದೇ. ಮತ್ತೆ ಆ ತರಿತರಿ ಮೈ ಗೆಣಸಿನಲ್ಲೋ ಸುವರ್ಣಗೆಡ್ಡೆಯಲ್ಲೋ ಸಿಕ್ಕಿ ಎಳೆಯುತ್ತದೆ. ನಮ್ಮದು ಎರಡನೇ ಮಳೆಗಾಲಕ್ಕೆ ಚೂರು ಚೂರಾಗಿ ಎದ್ದಿತು. ಎದ್ದ ಚೂರಿನ ಅಡಿಯಲ್ಲಿ ನೀರು ಕೂತು ಒಳಗೊಳಗೇ ಕೆಂಪು. ಅಡುಗೆ ಮನೆಯವರು ಸಾಂಬಾರಿನಲ್ಲಿ ಕರಿ ಚೂರು ಕಂಡು ಕತ್ತಿಯನ್ನು ಅಂಗಳಕ್ಕೆ ಎಸೆದರು. ತಪ್ಪು ಅವರದ್ದಲ್ಲ. ಆದರೆ ನಿಮ್ಮ ಕತ್ತಿಯ ಕೋಟಿಂಗ್ ಗಟ್ಟಿಯಾಗಿದ್ದು, ನೀವು ವಾರಕ್ಕೊಮ್ಮೆ ಮಾತ್ರ ಮುಟ್ಟುವವರಾದರೆ, ಸುಮ್ನೆ ಬಿಟ್ಟುಬಿಡಿ. ಇದು ದಿನಾ ಕತ್ತಿ ಹಿಡಿಯುವವರ ಕೆಲಸ.

ಮೊದಲು ನಾನು ಮಾಡಿದ ಮೂರ್ಖತನ ಹೇಳುತ್ತೇನೆ. ಪೇಂಟ್ ಅಲ್ವಾ, ಸುಟ್ಟರೆ ಹೋಗುತ್ತದೆ ಎಂದು ಗ್ಯಾಸ್ ಒಲೆಯ ಮೇಲೆ ಹಿಡಿದೆ. ಕೋಟಿಂಗ್ ಹೋಯಿತು. ಕೆಟ್ಟ ವಾಸನೆ ಮನೆಯಲ್ಲಿ ಎರಡು ದಿನ ಉಳಿಯಿತು. ತುದಿಯಿಂದ ನಾಲ್ಕು ಬೆರಳಿನಷ್ಟು ಜಾಗ ಮಾತ್ರ ಚಂದದ ನೀಲಿ ಆಗಿತ್ತು, ನವಿಲಿನ ಕತ್ತಿನ ಹಾಗೆ. ನಾನು ಅದನ್ನೇ ಖುಷಿಯಿಂದ ಆಚಾರಿಗೆ ತೋರಿಸಿದೆ. ಅವರು ಉಗುರಿನಿಂದ ಬಾಯಿ ಮುಟ್ಟಿ ನೋಡಿ ಒಂದೇ ಮಾತು ಹೇಳಿದರು: “ಹದ ಹೋಯಿತು.”

ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದಾಗ ಅದು ಗಾಜಿನಂತೆ ಗಟ್ಟಿ, ಗಾಜಿನಂತೆಯೇ ಒಡಕು. ಅದನ್ನು ಮತ್ತೆ ಸುಮಾರು 200 ಡಿಗ್ರಿಗೆ ಕಾಯಿಸಿ ಸ್ವಲ್ಪ ಸಡಿಲ ಬಿಡುತ್ತಾರೆ. ಆಗ ಮೈಮೇಲೆ ಒಣಹುಲ್ಲಿನ ಬಣ್ಣ ಬರುತ್ತದೆ. ನೀಲಿ ಬಂತು ಎಂದರೆ 300 ಡಿಗ್ರಿ ಹತ್ತಿರ ಹೋಗಿದೆ. ಅಷ್ಟಾದರೆ ಚಾಕುವಿನ ಬಾಯಿಗೆ ಬೇಕಾದ ಗಡಸು ಉಳಿಯುವುದಿಲ್ಲ. ಆಚಾರಿಗೆ ಥರ್ಮಾಮೀಟರ್ ಬೇಡ, ಬಣ್ಣವೇ ಸಾಕು. ಅವರು ಅದನ್ನು ಪುನಃ ತೆಂಗಿನ ಗೆರಟೆಯ ಇದ್ದಿಲಿನಲ್ಲಿ ಕಾಯಿಸಿ ಹದ ಹಾಕಿಕೊಟ್ಟರು. ಕೂಲಿ ತೆಗೆದುಕೊಳ್ಳಲಿಲ್ಲ. ಆದರೆ ಆ ಕಥೆಯನ್ನು ಪೇಟೆಯವರಿಗೆಲ್ಲ ಹೇಳಿದರು.

ಈಗ ಸರಿಯಾದ ದಾರಿ. ಮೊದಲು ಮೈಮೇಲೆ ಏನಿದೆ ಎಂದು ತಿಳಿಯಬೇಕು. ಹತ್ತಿಗೆ ನೈಲ್ ಪಾಲಿಶ್ ತೆಗೆಯುವ ಅಸಿಟೋನ್ ಹಚ್ಚಿ ಉಜ್ಜಿ. ಕರಗಿ ಅಂಟಂಟಾದರೆ ಅದು ಬರೀ ವಾರ್ನಿಷ್, ಅಲ್ಲಿಗೇ ಕೆಲಸ ಮುಗಿಯಿತು. ಜಗ್ಗದಿದ್ದರೆ ಪೌಡರ್ ಕೋಟಿಂಗ್ ಇರಬಹುದು. ತೆಳ್ಳಗಿನ ನಯವಾದ ಕಪ್ಪಾಗಿದ್ದು, ವಿನಿಗರ್‌ನಲ್ಲಿ ಮಸುಕಾದರೆ ಬ್ಲ್ಯಾಕ್ ಆಕ್ಸೈಡ್, ಉಕ್ಕಿನ ಮೈಯನ್ನೇ ಕಪ್ಪು ಮಾಡಿದ ಪದರ.

ಪೌಡರ್ ಕೋಟಿಂಗಿಗೆ ಪೇಂಟ್ ರಿಮೂವರ್ ಬೇಕು. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ. ಹಲವು ರಿಮೂವರ್‌ಗಳಲ್ಲಿ ಮೆಥಿಲಿನ್ ಕ್ಲೋರೈಡ್ ಇರುತ್ತದೆ. ಅದರ ಹಬೆ ಗಾಳಿಗಿಂತ ಭಾರ, ಕೋಣೆಯೊಳಗೆ ಕೆಳಗೇ ನಿಲ್ಲುತ್ತದೆ. ಮೈಯೊಳಗೆ ಹೋಗಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಆಗುತ್ತದೆ. ಅಮೆರಿಕದಲ್ಲಿ 2019ರಲ್ಲೇ ಮನೆಬಳಕೆಯ ಪೇಂಟ್ ರಿಮೂವರ್‌ಗಳಲ್ಲಿ ಅದನ್ನು ನಿಷೇಧಿಸಿದರು. ಡಬ್ಬಿಯ ಮೇಲೆ ಓದಿ, ಅದಿಲ್ಲದ್ದು ಸಿಕ್ಕಿದರೆ ಅದನ್ನೇ ತನ್ನಿ. ಏನೇ ಇರಲಿ, ಕೆಲಸ ಅಂಗಳದಲ್ಲಿ, ಗಾಳಿಯಲ್ಲಿ. ಆಸ್ಪತ್ರೆಯ ತೆಳು ಕೈಗವಸು ಸಾಲದು, ಆ ರಾಸಾಯನಿಕವನ್ನು ತಡೆಯುವಂಥದ್ದೇ ಬೇಕು. ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಹೊದೆಸಿ ಅರ್ಧ ಗಂಟೆ ಬಿಡಿ. ಕೋಟಿಂಗ್ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಏಳುತ್ತದೆ. ನಾನು ಅದನ್ನು ಗೆರಟೆ ತುಂಡಿನಿಂದ ಕೆರೆದೆ. ಗೆರಟೆ ಉಕ್ಕಿಗೆ ಗೀರು ಹಾಕುವುದಿಲ್ಲ.

ಕೋಟಿಂಗ್ ಹೋದ ಮೇಲೆ ಬೇಸರವಾಗುತ್ತದೆ, ಮೊದಲೇ ಹೇಳಿರುತ್ತೇನೆ. ಬೂದು, ಕರಿ ಕಲೆ, ಗುಳಿ. ಇಷ್ಟು ದುಡ್ಡು ಕೊಟ್ಟದ್ದು ಇದಕ್ಕಾ ಅನಿಸುತ್ತದೆ. ಉಜ್ಜುವ ಕೆಲಸ ಇಲ್ಲಿಂದ ಶುರು. ಗ್ಯಾರೇಜಿನವರು ಬಳಸುವ ವಾಟರ್ ಪೇಪರ್ ಎಂಬ ಉಜ್ಜುವ ಕಾಗದ ತನ್ನಿ: 120, 220, 400, ನಂಬರ್ ಹೆಚ್ಚಿದಷ್ಟು ತರಿ ನಯ. ಕತ್ತಿಯನ್ನು ಹಲಗೆಗೆ ಬಿಗಿದು, ಬಾಯಿಗೆ ಟೇಪ್ ಸುತ್ತಿ, ಪೇಪರನ್ನು ಮರದ ತುಂಡಿಗೆ ಸುತ್ತಿ ಉಜ್ಜಿ. ಬೆರಳಿನಿಂದ ಒತ್ತಿದರೆ ಮೈ ಅಲೆ ಅಲೆ ಆಗುತ್ತದೆ. 120ರಲ್ಲಿ ಅಡ್ಡಕ್ಕೆ ಉಜ್ಜಿದರೆ 220ರಲ್ಲಿ ಉದ್ದಕ್ಕೆ. ಅಡ್ಡ ಗೆರೆ ಒಂದೂ ಕಾಣದಂತೆ ಆಗುವವರೆಗೆ ಮುಂದಿನ ಪೇಪರ್ ಮುಟ್ಟಬೇಡಿ. ಇಲ್ಲಿ ಅವಸರ ಮಾಡಿದವರ ಕತ್ತಿ ನೋಡಿದರೆ ಗೊತ್ತಾಗುತ್ತದೆ. ನನಗೆ ಮೂರು ಸಂಜೆ ಹಿಡಿಯಿತು. ಆಳದ ಗುಳಿ ಎರಡು ಉಳಿದವು, ಬಿಟ್ಟುಬಿಟ್ಟೆ. ಮೈ ನಯವಾದಷ್ಟು ನೀರು ನಿಲ್ಲುವುದು ಕಡಿಮೆ, ಆದರೆ ಕನ್ನಡಿ ಮಾಡಲು ಹೋಗಬೇಡಿ. ಕೆಲಸಕ್ಕಿಳಿದ ಮೊದಲ ದಿನವೇ ಗೀರು ಬೀಳುತ್ತದೆ.

ಈಗ ಕತ್ತಿ ಬೆಳ್ಳಗೆ, ಬತ್ತಲೆ. ನಮ್ಮ ಊರಿನ ಮಳೆಯಲ್ಲಿ ಹಾಗೇ ಇಟ್ಟರೆ ಬೆಳಗಾಗುವುದರೊಳಗೆ ಕೆಂಪು. ಅದಕ್ಕೊಂದು ಹೊಸ ಮೈ ಕೊಡಬೇಕು. ಎಲ್ಲರೂ ಹೇಳುವುದು ವಿನಿಗರ್: ಸೋಪಿನಲ್ಲಿ ಜಿಡ್ಡು ತೆಗೆದು, ಬಿಸಿ ವಿನಿಗರ್‌ನಲ್ಲಿ ಹತ್ತು ಹದಿನೈದು ನಿಮಿಷ, ತೆಗೆದು ಮಸಿ ಒರೆಸಿ, ಮತ್ತೆ ಎರಡು ಸಲ, ಕೊನೆಗೆ ಅಡುಗೆ ಸೋಡಾದ ನೀರಿನಲ್ಲಿ ತೊಳೆಯುವುದು. ರಾತ್ರಿಯಿಡೀ ನೆನೆಸಬೇಡಿ, ಬಾಯಿಯನ್ನೇ ತಿಂದುಬಿಡುತ್ತದೆ.

ನಾನು ಬೇರೆ ಮಾಡಿದೆ. ಎಳೆ ಅಡಿಕೆ ಜಜ್ಜಿ ಕುದಿಸಿ ಆ ಚೊಗರಿನಲ್ಲಿ ಅದ್ದಿದೆ. ನಾವು ಚಾಲಿ ಮಾಡುವವರು, ಎಂದರೆ ಅಡಿಕೆ ಬೇಯಿಸದೆ ಒಣಗಿಸುವವರು; ಚೊಗರಿನ ಲೆಕ್ಕ ಅಡಿಕೆ ಬೇಯಿಸುವ ಘಟ್ಟದ ಮೇಲಿನವರಿಗೆ ಹೆಚ್ಚು ಗೊತ್ತು. ಆದರೆ ಹಸಿ ಅಡಿಕೆ ಕೊಯ್ದ ಕತ್ತಿ ಕಪ್ಪಾಗುವುದು ಇಲ್ಲಿರುವ ಎಲ್ಲರೂ ಕಂಡದ್ದೇ. ಅಡಿಕೆಯ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಕಪ್ಪು ಪದರ ಕಟ್ಟುತ್ತದೆ. ಹಿಂದಿನ ಕಾಲದ ಬರೆಯುವ ಶಾಯಿಯೂ ಇದೇ ಲೆಕ್ಕ. ಬೆಳಕಿಗೆ ಹಿಡಿದು ನೋಡಿ, ಕಪ್ಪಿನೊಳಗೆ ಸ್ವಲ್ಪ ಹಸಿರು ಕಾಣುತ್ತದೆ. ವಿನಿಗರ್‌ನದ್ದು ಬರೀ ಬೂದು. ಮತ್ತೆ ಬಾಳೆಕಾಯಿ, ಬಾಳೆ ಹೂ, ಮಾವಿನಕಾಯಿ ಕೊಯ್ದಷ್ಟೂ ಅದು ಗಾಢವಾಗುತ್ತ ಹೋಗುತ್ತದೆ. ಬಂದೂಕಿಗೆ ಹಚ್ಚುವ ಕೋಲ್ಡ್ ಬ್ಲೂ ಎಂಬ ದ್ರಾವಣವನ್ನು ಮಾತ್ರ ಅಡುಗೆಯ ಕತ್ತಿಗೆ ಬೇಡ. ಹೆಚ್ಚಿನವುಗಳಲ್ಲಿ ಸೆಲೆನಿಯಂ ಸಂಯುಕ್ತ ಇರುತ್ತದೆ, ವಿಷ.

ಈ ಕಪ್ಪು ಪದರ ತುಕ್ಕನ್ನು ತಡೆಯುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೇ. ಕಳೆದ ಜುಲೈಯಲ್ಲಿ ತೊಗಲಿನ ಒರೆಯೊಳಗೆ ಒಂದು ವಾರ ಮರೆತೆ. ಒರೆ ಎಳೆದ ತೇವವೆಲ್ಲ ಕತ್ತಿಗೆ ಬಂತು. ಈಗ ಕೆಲಸ ಮುಗಿದ ಕೂಡಲೇ ತೊಳೆದು ಒರೆಸಿ, ಎರಡು ತೊಟ್ಟು ತೆಂಗಿನೆಣ್ಣೆ. ಅಜ್ಜ ಕತ್ತಿಯನ್ನು ಒಲೆಯ ಮೇಲಿನ ಅಟ್ಟಕ್ಕೆ ಸಿಕ್ಕಿಸುತ್ತಿದ್ದರು. ಹೊಗೆ, ಬಿಸಿ, ಜಿಡ್ಡು, ಮೂರೂ ಒಂದೇ ಕಡೆ. ಗ್ಯಾಸ್ ಬಂದ ಮೇಲೆ ಆ ಅಟ್ಟ ಹೋಯಿತು.

ಇನ್ನೊಂದು ಮಾತು. ಆಚಾರಿಯ ಈ ಕತ್ತಿ ನೋಡಿ. ಇದರ ಮೈಯೂ ಕಪ್ಪೇ, ಕುಲುಮೆಯಲ್ಲಿ ಕಾಯುವಾಗ ಬಂದ ಕರಿ ಪದರ. ಬಾಯಿ ಮಾತ್ರ ಬೆಳ್ಳಗೆ. ನಲವತ್ತು ವರ್ಷದಲ್ಲಿ ಇದನ್ನು ಉಜ್ಜಿ ತೆಗೆಯಬೇಕು ಎಂದು ನಮಗೆ ಯಾರಿಗೂ ಅನಿಸಲಿಲ್ಲ.

ಎರಡನ್ನೂ ಸಾಲಿನಲ್ಲಿ ಕಳಿಸುತ್ತೇನೆ, ಹಿಡಿಯನ್ನು ಹಿಡಿದು ನೋಡಿ. ಮೈ ಮುಟ್ಟಿದರೆ ಬೆವರಿನ ಉಪ್ಪು ಬೆರಳಿನ ಗುರುತಿನ ಹಾಗೇ ತುಕ್ಕಾಗಿ ಏಳುತ್ತದೆ. ಜೊತೆಗೆ ಎಣ್ಣೆ ಬಟ್ಟೆಯೂ ಬರುತ್ತದೆ, ಒರೆಸಿ ಪಕ್ಕದವರಿಗೆ ಕೊಡಿ.