ಮೊಂಟಾನಾದಲ್ಲಿ ಜೋಡಿಯಾಗಿ ಕರಡಿ ಬೇಟೆ, ಎಚ್.ಡಿ. ಕೋಟೆಯಲ್ಲಾದರೆ ಜೈಲು: ಯಾಕೆ ಹೀಗೆ?

[ದೃಶ್ಯ: ಮೈಸೂರು ಮೃಗಾಲಯ, ಕರಡಿ ಆವರಣದ ಮುಂದೆ ನಿರೂಪಕಿ]

ನಮಸ್ಕಾರ. ಹೋದ ತಿಂಗಳು ನಮಗೊಂದು ಫೋಟೋ ಬಂತು. ಅಮೆರಿಕದ ಮೊಂಟಾನಾ ರಾಜ್ಯದ ಬೆಟ್ಟ, ಹಿಂದೆ ಹಿಮ, ಮುಂದೆ ಸತ್ತ ಕರಡಿ, ಅದರ ಅಕ್ಕಪಕ್ಕ ಮಂಡಿಯೂರಿ ನಗ್ತಾ ಇರೋ ಗಂಡ ಹೆಂಡತಿ. ಗಂಡ ಮೈಸೂರಿನ ಕುವೆಂಪುನಗರದವರು, ಹೆಂಡತಿಯ ತವರು ಮಂಡ್ಯ. ಫೋಟೋ ಫ್ಯಾಮಿಲಿ ಗ್ರೂಪಿಗೆ ಬಿದ್ದಿದ್ದೇ ತಡ, ದೊಡ್ಡಪ್ಪ "ಇದೆಂಥ ಪಾಪದ ಕೆಲಸ ಕಣಪ್ಪಾ" ಅಂದ್ರು. ಭಾವ ಬೇರೆ ರಾಗ ತೆಗೆದ್ರು: "ನಮ್ಮಲ್ಲೂ ಹಿಂಗೇ ಪರ್ಮಿಟ್ ಕೊಟ್ಟಿದ್ರೆ ಕಾಡಂಚಿನ ರೈತರು ನೆಮ್ಮದಿಯಾಗಿರ್ತಿದ್ರು." ಜಗಳ ಬಗೆಹರೀಲಿಲ್ಲ. ಕೊನೆಗೆ ಆ ಗಂಡ ಹೆಂಡತಿಯ ಒಪ್ಪಿಗೆ ತಗೊಂಡು, ಹೆಸರು ಬಿಟ್ಟು, ವಿಷಯ ಇಲ್ಲಿಗೆ ತಂದಿದ್ದೀವಿ.

[ದೃಶ್ಯ: ಅಮೆರಿಕದ ನಕ್ಷೆ, ಮೊಂಟಾನಾ]

ಮೊದಲನೇ ಪ್ರಶ್ನೆ, ಎಲ್ಲರೂ ಕೇಳೋದು: ವೀಸಾ ಮೇಲೆ ಹೋದವರ ಕೈಗೆ ಬಂದೂಕು ಹೆಂಗೆ ಬಂತು? ತಾತ್ಕಾಲಿಕ ವೀಸಾದವರು ಬಂದೂಕು ಇಟ್ಕೊಳ್ಳೋ ಹಾಗಿಲ್ಲ ಅಂತಾನೇ ಅಲ್ಲಿನ ಕೇಂದ್ರ ಕಾನೂನು ಹೇಳುತ್ತೆ. ಆದರೆ ಒಂದು ವಿನಾಯಿತಿ ಇದೆ. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ಇಟ್ಕೋಬಹುದು. ಬೇಟೆ ಅಲ್ಲಿ ಎಷ್ಟು ಮಾಮೂಲು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದರೂ ಲೈಸೆನ್ಸ್ ಸುಮ್ಮನೆ ಕೊಡಲ್ಲ. ಮೊಂಟಾನಾದಲ್ಲಿ ಎರಡು ಜಾತಿ ಕರಡಿ ಇವೆ, ಕಪ್ಪು ಕರಡಿ ಮತ್ತು ಗ್ರಿಜ್ಲಿ. ಗ್ರಿಜ್ಲಿಗೆ 1975ರಿಂದ ಕಾನೂನಿನ ರಕ್ಷಣೆ ಇದೆ, ಮುಟ್ಟೋ ಹಾಗಿಲ್ಲ. ಬಣ್ಣ ನೋಡಿ ಹೇಳ್ತೀನಿ ಅಂದ್ರೆ ಮೋಸ ಹೋಗ್ತೀರ, ಯಾಕಂದ್ರೆ 'ಕಪ್ಪು' ಕರಡಿ ಕಂದು ಬಣ್ಣದಲ್ಲೂ ಇರುತ್ತೆ, ದಾಲ್ಚಿನ್ನಿ ಬಣ್ಣದಲ್ಲೂ ಇರುತ್ತೆ. ಗ್ರಿಜ್ಲಿಗೆ ಹೆಗಲ ಮೇಲೆ ಗೂನು, ಒಳಕ್ಕೆ ಬಾಗಿದ ಮುಖ, ಉದ್ದನೆ ಉಗುರು. ಇದನ್ನೆಲ್ಲ ಗುರುತಿಸೋ ಪರೀಕ್ಷೆ ಪಾಸಾದ ಮೇಲೇ ಕರಡಿ ಲೈಸೆನ್ಸ್.

[ದೃಶ್ಯ: ಇಳಿಜಾರು ಬೆಟ್ಟ, ದುರ್ಬೀನಿನಲ್ಲಿ ನೋಡುತ್ತಿರುವ ಇಬ್ಬರು]

ಇನ್ನು ಬೇಟೆ. ವಸಂತದಲ್ಲಿ ಕರಡಿ ಚಳಿಗಾಲದ ನಿದ್ದೆ ಮುಗಿಸಿ ಗುಹೆಯಿಂದ ಆಚೆ ಬರುತ್ತೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಜಾಸ್ತಿ, ಹಿಮ ಅಲ್ಲೇ ಮೊದಲು ಕರಗೋದು, ಎಳೆ ಹುಲ್ಲು ಅಲ್ಲೇ ಮೊದಲು ಚಿಗುರೋದು. ತಿಂಗಳುಗಟ್ಟಲೆ ಏನೂ ತಿನ್ನದ ಕರಡಿ ಅಲ್ಲಿ ನಿಂತು ಹಸುವಿನ ಥರ ಮೇಯುತ್ತೆ. ಬೇಟೆಗಾರರು ಎದುರು ಬೆಟ್ಟದಲ್ಲಿ ಕೂತು ದುರ್ಬೀನು ಹಿಡಿತಾರೆ. ದಿನದ ಬಹುಪಾಲು ಇದೇ ಕೆಲಸ. ಆ ಹೆಂಡತಿ ಫೋನಿನಲ್ಲಿ ಹೇಳಿದ ಮಾತುಕತೆ ಹೀಗಿದೆ:

"ರೀ, ತಡೀರಿ. ಹಿಂದೆ ಮರಿ ಇದ್ರೆ?"
"ಇಲ್ಲ ಕಣೇ, ಆಗ್ಲಿಂದ ನೋಡ್ತಾನೇ ಇದೀವಲ್ಲ."
"ಮರದ ಮೇಲೆ ನೋಡಿದ್ರಾ? ಇನ್ನೊಂಚೂರು ಹೊತ್ತು ಕೂತ್ಕೊಳ್ಳಿ."

ಈ ಅನುಮಾನ ಸರಿಯಾದದ್ದೇ. ಮರಿ ಜೊತೆಗಿರೋ ಹೆಣ್ಣನ್ನ ಹೊಡೆಯೋದು ಅಲ್ಲಿ ಅಪರಾಧ, ಮರಿಗಳನ್ನ ಮರ ಹತ್ತಿಸಿ ತಾಯಿ ಕೆಳಗೆ ಮೇಯೋದೂ ಮಾಮೂಲು. ಗಂಡೋ ಹೆಣ್ಣೋ ದೂರದಿಂದ ಹೇಳೋದು ಕಷ್ಟ. ಕಿವಿ ನೋಡ್ತಾರೆ: ತಲೆ ದೊಡ್ಡದಾಗಿ, ಕಿವಿ ಚಿಕ್ಕದಾಗಿ, ಒಂದಕ್ಕೊಂದು ದೂರ ಇದ್ದ ಹಾಗೆ ಕಂಡರೆ ಬಲಿತ ಗಂಡು ಇರಬಹುದು. 'ಇರಬಹುದು' ಅಷ್ಟೇ. ಇದಕ್ಕೇ ಅಮೆರಿಕದವರೇ ತಕರಾರು ತೆಗೆದಿದ್ದಾರೆ. ಕೊಲರಾಡೋದಲ್ಲಿ 1992ರಲ್ಲಿ ಜನರೇ ಮತ ಹಾಕಿ ವಸಂತದ ಕರಡಿ ಬೇಟೆ ನಿಲ್ಲಿಸಿದರು. ಆಹಾರ ಇಟ್ಟು ಆಸೆ ತೋರಿಸಿ ಹೊಡೆಯೋದು, ನಾಯಿ ಬಿಟ್ಟು ಅಟ್ಟೋದು, ಅವನ್ನೂ ಅದೇ ಮತದಾನದಲ್ಲಿ ನಿಲ್ಲಿಸಿದರು. ಹಾಗಾಗಿ 'ಅಮೆರಿಕದಲ್ಲಿ ಎಲ್ಲರೂ ಒಪ್ತಾರೆ' ಅನ್ನೋ ಮಾತು ಸುಳ್ಳು.

ಮಾಂಸದ ವಿಷಯ ಒಂದು ಹೇಳಲೇಬೇಕು. ಕರಡಿ ಮಾಂಸದಲ್ಲಿ ಟ್ರಿಕಿನೆಲ್ಲಾ ಅನ್ನೋ ಹುಳದ ಮರಿಗಳು ಇರಬಹುದು. ಫ್ರೀಜರಿನಲ್ಲಿ ಇಟ್ಟರೆ ಸಾಯುತ್ತೆ ಅಂತ ಬಹಳ ಜನ ನಂಬಿದ್ದಾರೆ, ಚಳಿ ದೇಶದ ಕೆಲವು ಜಾತಿ ಹುಳ ಸಾಯಲ್ಲ. 2022ರಲ್ಲಿ ಅಲ್ಲಿ ಒಂದು ಕುಟುಂಬ 45 ದಿನ ಫ್ರೀಜರಿನಲ್ಲಿದ್ದ ಕರಡಿ ಮಾಂಸದ ಕಬಾಬ್ ಮಾಡಿ 6 ಜನಕ್ಕೆ ಕಾಯಿಲೆ ಬಂತು. ಅದರಲ್ಲಿ ಇಬ್ಬರು ಮಾಂಸ ಮುಟ್ಟೇ ಇರಲಿಲ್ಲ, ಅದರ ಜೊತೆ ಬೇಯಿಸಿದ ತರಕಾರಿ ಮಾತ್ರ ತಿಂದಿದ್ದರು. 'ಪೀಸ್ ಪಕ್ಕಕ್ಕೆ ಇಟ್ಟು ತರಕಾರಿ ಬಡಿಸಿ' ಅನ್ನೋ ನಮ್ಮ ನೆಂಟರಿಗೆ ಈ ಭಾಗ ಕಳಿಸಿ. ಒಳಗಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟೋವರೆಗೆ ಬೇಯಬೇಕು.

[ದೃಶ್ಯ: ನಿರೂಪಕಿ ಮತ್ತೆ ಮೃಗಾಲಯದಲ್ಲಿ]

ಈಗ ಭಾವನ ಮಾತಿಗೆ ಬರೋಣ. ಬೇಟೆಯಿಂದಲೇ ಕಾಡು ಉಳಿಯುತ್ತೆ ಅಂತ ಅಲ್ಲಿ ಹೇಳೋದಕ್ಕೆ ಆಧಾರ ಇದೆ. 1937ರ ಒಂದು ಕಾಯ್ದೆ ಪ್ರಕಾರ ರೈಫಲ್ ಮತ್ತು ತೋಟಾ ಮೇಲೆ 11 ಶೇಕಡಾ ತೆರಿಗೆ ಬೀಳುತ್ತೆ, ಆ ದುಡ್ಡು ವನ್ಯಜೀವಿ ಕೆಲಸಕ್ಕೆ ರಾಜ್ಯಗಳಿಗೆ ಹೋಗುತ್ತೆ. ಆದರೆ ಕಾಡಿಗೆ ಕಾಲಿಡದೆ ಬರೀ ಗುರಿ ಅಭ್ಯಾಸ ಮಾಡೋರೂ ಅದೇ ತೆರಿಗೆ ಕಟ್ತಾರೆ. ಪೂರ್ತಿ ಪುಣ್ಯ ಬೇಟೆಗಾರರಿಗೇ ಬರೆದುಕೊಡೋದು ನನಗೆ ಒಪ್ಪಿಗೆ ಇಲ್ಲ.

ಅದಕ್ಕಿಂತ ದೊಡ್ಡ ವಿಷಯ ಲೆಕ್ಕದ್ದು. ಉತ್ತರ ಅಮೆರಿಕದಲ್ಲಿ ಕಪ್ಪು ಕರಡಿ 8 ಲಕ್ಷದ ಆಸುಪಾಸು ಇವೆ. ನಮ್ಮ ಕರಡಿ, ಇಂಗ್ಲಿಷಿನಲ್ಲಿ ಸ್ಲಾತ್ ಬೇರ್, ಪ್ರಪಂಚದಲ್ಲೆಲ್ಲ ಸೇರಿ 20 ಸಾವಿರದ ಒಳಗೇ ಅನ್ನೋ ಅಂದಾಜಿದೆ. ಸ್ವಭಾವವೂ ಬೇರೆ. ಅಲ್ಲಿನದು ಹೆದರಿದರೆ ಮರ ಹತ್ತುತ್ತೆ. ನಮ್ಮದು ಹುಲಿ ಚಿರತೆ ನಡುವೆ ಬೆಳೆದ ಪ್ರಾಣಿ, ಹುಲಿ ಎದುರಾದರೂ ಎದ್ದು ನಿಲ್ಲುತ್ತೆ. ಎಚ್.ಡಿ. ಕೋಟೆ ಕಡೆ, ನಾಗರಹೊಳೆ ಕಾಡಿನ ಅಂಚಿನಲ್ಲಿ ಮುಂಜಾನೆ ಒಬ್ಬರೇ ಹೊಲಕ್ಕೆ ಹೋಗೋರು ಧುತ್ತಂತ ಎದುರಾದರೆ ಅದು ಮೇಲೆ ಬೀಳೋದು ಅದಕ್ಕೇ. ನಾಲ್ಕು ಜನ ಸೇರಿ, ಮಾತಾಡ್ತಾ ಹೋದರೆ ಅದೇ ದಾರಿ ಬಿಡೋ ಸಾಧ್ಯತೆ ಜಾಸ್ತಿ. ಇಲ್ಲಿ ನೋಡಿ, ಈ ಮೂತಿ. ಮೇಲಿನ ಸಾಲಿನ ಮುಂದಿನ ಎರಡು ಹಲ್ಲೇ ಇಲ್ಲ. ಹುತ್ತ ಒಡೆದು, ಮಣ್ಣು ಊದಿ, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಆ ಸಂದಿನಿಂದ ಗೆದ್ದಲನ್ನ ಹೀರುತ್ತೆ. ಸದ್ದು ನೂರು ಮೀಟರ್ ಆಚೆಗೂ ಕೇಳುತ್ತೆ.

[ದೃಶ್ಯ: ತಂತಿ ಉರುಳಿನ ಚಿತ್ರ]

ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆ ಇರೋ ಪ್ರಾಣಿಗಳ ಪಟ್ಟಿಯಲ್ಲಿ, ನಮ್ಮ ಕರಡಿ ಇದೆ. ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ದಂಡ 25 ಸಾವಿರಕ್ಕೆ ಕಮ್ಮಿ ಇಲ್ಲ. ಪ್ರಾಣ ಉಳಿಸಿಕೊಳ್ಳೋಕೆ ನಿಜವಾಗಿ ಹೊಡೆದರೆ ಅಪರಾಧ ಆಗಲ್ಲ. ಆದರೆ 'ಬೇಟೆ' ಅಂದರೆ ಗುಂಡು ಹೊಡೆಯೋದು ಮಾತ್ರ ಅಂದುಕೊಳ್ಳಬೇಡಿ. ಉರುಳು ಹಾಕೋದು, ವಿಷ ಇಡೋದು, ಅಟ್ಟೋದು, ಇದಕ್ಕೆಲ್ಲ ಪ್ರಯತ್ನ ಪಡೋದೂ ಸೇರುತ್ತೆ. ಕಬ್ಬಿನ ಗದ್ದೆ ಬದುವಿನಲ್ಲಿ ಹಂದಿಗೆ ಅಂತ ಕಟ್ಟಿದ ತಂತಿಗೆ ಕರಡಿ ಸಿಕ್ಕಿದರೆ 'ಹಂದಿಗೆ ಇಟ್ಟಿದ್ದು ಸ್ವಾಮಿ' ಅಂದಾಕ್ಷಣ ಬಿಟ್ಟು ಕಳಿಸಲ್ಲ.

ಮೈಸೂರಿನವರಿಗೆ ಇನ್ನೊಂದು. ನಜರ್‌ಬಾದಿನ ವಾನ್ ಇಂಗನ್ ಕಾರ್ಖಾನೆಯಲ್ಲಿ ಮಹಾರಾಜರ, ಬ್ರಿಟಿಷರ ಬೇಟೆಯ ಸಾವಿರಾರು ಹುಲಿ ಚಿರತೆಗಳ ಚರ್ಮ ಹದ ಮಾಡಿ, ಅಚ್ಚಿನ ಮೇಲೆ ಕೂರಿಸಿ, ಜೀವ ಇರೋ ಹಾಗೆ ನಿಲ್ಲಿಸ್ತಿದ್ದರು. 1999ಕ್ಕೆ ಅದು ಮುಚ್ಚಿತು. ಆ ಕಾಲದ ಚರ್ಮ, ತಲೆ, ಉಗುರು ಹಳೇ ಮನೆಗಳ ಅಟ್ಟದಲ್ಲಿ ಈಗಲೂ ಇರಬಹುದು. ಅರಣ್ಯ ಇಲಾಖೆಯ ಮಾಲೀಕತ್ವ ಪ್ರಮಾಣಪತ್ರ ಇಲ್ಲದೆ ಅವನ್ನ ಇಟ್ಕೊಳ್ಳೋ ಹಾಗಿಲ್ಲ, ಮಾರೋದಂತೂ ದೂರ ಉಳೀತು.

ಮತ್ತೆ ತಾಯತ. ಖಲಂದರ್ ಸಮುದಾಯದವರು ಊರಿಗೆ ಕರಡಿ ತಂದಾಗ, ಭಯ ಹೋಗಲಿ ಅಂತ ಮಕ್ಕಳನ್ನ ಅದರ ಬೆನ್ನ ಮೇಲೆ ಕೂರಿಸಿ, ಒಂದೆರಡು ಕೂದಲು ತಾಯತಕ್ಕೆ ಹಾಕಿಸ್ತಿದ್ದದ್ದು ನಮ್ಮ ಹಿರಿಯರಿಗೆ ನೆನಪಿರುತ್ತೆ. ಕುಣಿಸೋ ಕರಡಿಗಳ ಕಾಲ 2009ರ ಹೊತ್ತಿಗೆ ಮುಗೀತು, ಬಹಳಷ್ಟು ಕರಡಿಗಳು ಬನ್ನೇರುಘಟ್ಟದಂಥ ಪುನರ್ವಸತಿ ಕೇಂದ್ರ ಸೇರಿದವು. ಕಾಯ್ದೆಯಲ್ಲಿ ಹಲ್ಲು, ಉಗುರಿನ ಜೊತೆ 'ಕೂದಲು' ಅಂತಾನೂ ಬರೆದಿದೆ. ಜಾತ್ರೆಯಲ್ಲಿ ಯಾರಾದರೂ "ಅಸಲಿ ಕರಡಿ ಕೂದಲು ಅಮ್ಮಾ" ಅಂದರೆ ಎರಡೇ ಸಾಧ್ಯತೆ: ಸುಳ್ಳಾಗಿದ್ದರೆ ದುಡ್ಡು ಹೋಯ್ತು, ನಿಜವಾಗಿದ್ದರೆ ಕೇಸು ಬಂತು.