ಸೀಸರ್ 3: ಮೊದಲ ದಾಳಿಗೆ ಗೋಡೆ ಅಲ್ಲ, ಆಳು ಬೇಕು

ನಮಸ್ಕಾರ. ಮಡಿಕೇರಿಯಲ್ಲಿ ಮಳೆ ಹಿಡ್ಕೊಂಡಿದೆ, ಕ್ಯಾಮೆರಾ ಹೊರಗೆ ತೆಗೆಯೋ ಮಾತೇ ಇಲ್ಲ. ಹಾಗಾಗಿ ಇವತ್ತು ಪೂರ್ತಿ ಸ್ಕ್ರೀನ್ ರೆಕಾರ್ಡಿಂಗ್. ಗೇಮ್ ಸೀಸರ್ 3, ರೋಮನ್ ಕಾಲದ ಊರು ಕಟ್ಟಿ ಕಾಪಾಡೋ ಆಟ. 1998ರದ್ದು, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ. ಹೊಸ ಕಂಪ್ಯೂಟರ್‌ನಲ್ಲಿ ತಕರಾರು ಮಾಡಿದ್ರೆ ಜೂಲಿಯಸ್ ಅನ್ನೋ ಓಪನ್ ಸೋರ್ಸ್ ಆವೃತ್ತಿ ಹಾಕ್ಕೊಳ್ಳಿ. ಅದಕ್ಕೂ ಒರಿಜಿನಲ್ ಗೇಮ್‌ನ ಫೈಲುಗಳು ನಿಮ್ಮ ಹತ್ರ ಇರ್ಲೇಬೇಕು. ಮಳೆಗಾಲದಲ್ಲಿ ಕರೆಂಟ್ ನಂಬೋ ಹಾಗಿಲ್ಲ, ಆಗಾಗ ಸೇವ್ ಮಾಡ್ತಾ ಇರಿ.

ಈಗ ಕಾಣ್ತಿರೋ ಊರು ನೋಡಿ. ಮನೆ ಇದೆ, ಮಾರ್ಕೆಟ್ ಇದೆ, ಗ್ರ್ಯಾನರಿ, ಅಂದ್ರೆ ಧಾನ್ಯದ ಉಗ್ರಾಣ, ತುಂಬಿದೆ. ಶತ್ರು ಸೇನೆ ಬರ್ತಿದೆ ಅಂತ ಮೆಸೇಜ್ ಬಂದಿದ್ದೇ ತಡ, ಸುತ್ತ ಗೋಡೆ ಎದ್ದಿದೆ. ಮುಂದಿನ ದೃಶ್ಯದಲ್ಲಿ ಅದೇ ಗೋಡೆ ಒಡೆದುಕೊಂಡು ಒಳಗೆ ಬಂದ್ರು, ಊರು ಹೋಯ್ತು. ಖಾಲಿ ಗೋಡೆ ಯಾರನ್ನೂ ಹೊಡೆಯಲ್ಲ, ಸ್ವಲ್ಪ ಹೊತ್ತು ತಡೆಯುತ್ತೆ ಅಷ್ಟೆ. ನಮ್ಮ ಕೊಡಗಿನ ಕಾಡಲ್ಲಿ, ಕಾಫಿ ತೋಟದ ಅಂಚಲ್ಲಿ ಇನ್ನೂ ಉಳಿದಿರೋ ಕಡಂಗ, ಅಂದ್ರೆ ಹಳೇ ಕಾಲದ ಕಾವಲು ಕಂದಕ, ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಕಂದಕದ ಕೆಲಸ ಬಂದವರನ್ನ ನಿಧಾನ ಮಾಡೋದು, ಹೊಡೆಯೋಕೆ ಮೇಲೆ ಜನ ನಿಂತಿರ್ಬೇಕು. ಗೇಮ್‌ನಲ್ಲಿ ಆ ಜನ ಬರೋದು ಸೈನಿಕರನ್ನ ತಯಾರು ಮಾಡೋ ಕಟ್ಟಡ ಬ್ಯಾರಕ್ಸ್‌ನಿಂದ, ಅದೂ ಒಬ್ಬೊಬ್ಬರಾಗಿ. ಇಡೀ ಸಮಸ್ಯೆ ಇರೋದೇ ಇಲ್ಲಿ.

ಬಂದವರು ಪಡೆಯಾಗಿ ಇರೋ ಜಾಗ ಫೋರ್ಟ್. ಒಂದು ಫೋರ್ಟ್‌ಗೆ 16 ಸೈನಿಕರು. ಒಂದು ಊರಿಗೆ ಹೆಚ್ಚಂದ್ರೆ 6 ಫೋರ್ಟ್. ಫೋರ್ಟ್ ಕಟ್ಟಿದ ತಕ್ಷಣ 16 ಜನ ಬಂದು ಸಾಲು ನಿಲ್ಲಲ್ಲ ಮಾರಾಯ್ರೆ. ಬ್ಯಾರಕ್ಸ್‌ಗೆ 10 ಕೆಲಸಗಾರರು ಬೇಕು. ಅರ್ಧ ಜನ ಮಾತ್ರ ಸಿಕ್ಕಿದ್ರೆ ಸೈನಿಕರು ಹೊರಗೆ ಬರೋ ವೇಗವೂ ಅರ್ಧಕ್ಕೆ ಇಳಿಯುತ್ತೆ. ಊರಲ್ಲಿ ಕೆಲಸಗಾರರ ಕೊರತೆ ಇದ್ರೆ ಲೇಬರ್ ಅಡ್ವೈಸರ್‌ಗೆ (ಕೆಲಸಗಾರರನ್ನ ಹಂಚೋ ಸ್ಕ್ರೀನ್) ಹೋಗಿ ಮಿಲಿಟರಿಗೆ ಆದ್ಯತೆ ಕೊಡಿ. ಇದೊಂದು ಕ್ಲಿಕ್ ಮರೆತು, ಎರಡು ಫೋರ್ಟ್ ಕಟ್ಟಿ, ಎರಡರಲ್ಲೂ ನಾಲ್ಕೈದು ಜನ ಇಟ್ಕೊಂಡು ಯುದ್ಧಕ್ಕೆ ಹೋಗೋರೇ ಜಾಸ್ತಿ. ಮೊದಲು ಒಂದನ್ನ ತುಂಬಿಸಿ, ಆಮೇಲೆ ಎರಡನೇದು.

ಮೊದಲ ಫೋರ್ಟ್ ಯಾವುದು? ಜಾವೆಲಿನ್, ಅಂದ್ರೆ ಈಟಿ ಎಸೆಯೋರದ್ದು. ಲೀಜನರಿ, ಅಂದ್ರೆ ಹತ್ತಿರದಿಂದ ಕಾದಾಡೋ ಕಾಲಾಳು, ಅವರಿಗೆ ಆಯುಧ ಬೇಕು. ಆಯುಧಕ್ಕೆ ವರ್ಕ್‌ಶಾಪ್ ಬೇಕು, ವರ್ಕ್‌ಶಾಪ್‌ಗೆ ಕಬ್ಬಿಣ ಬೇಕು. ಒಬ್ಬ ಲೀಜನರಿಗೆ ಒಂದು ಲೋಡ್ ಆಯುಧ, ಅಂದ್ರೆ ಪೂರ್ತಿ ಫೋರ್ಟ್‌ಗೆ 16 ಲೋಡ್. ಮ್ಯಾಪ್‌ನಲ್ಲಿ ಕಬ್ಬಿಣವೇ ಇಲ್ಲದಿದ್ರೆ ಆಮದಿನ ದಾರಿ ತೆರೆಯೋವರೆಗೂ ಕಾಯ್ಬೇಕು. ಜಾವೆಲಿನ್‌ನವರಿಗೂ ಕುದುರೆ ಸವಾರರಿಗೂ ಆಯುಧದ ಲೋಡ್ ಬೇಡ, ಬ್ಯಾರಕ್ಸ್ ಇದ್ರೆ ಸಾಕು. ಹತ್ತಿರದ ಕೈಕೈ ಕಾಳಗದಲ್ಲಿ ಜಾವೆಲಿನ್‌ನವರು ದುರ್ಬಲ, ನಿಜ. ಆದ್ರೆ ಮೊದಲ ದಾಳಿ ಸಾಮಾನ್ಯವಾಗಿ ಚಿಕ್ಕದೇ ಇರುತ್ತೆ, ದೂರದಿಂದ ಎಸೆದೇ ಅರ್ಧ ಕೆಲಸ ಮುಗಿಸ್ತಾರೆ.

ಲೀಜನರಿ ಫೋರ್ಟ್ ಕಟ್ಟಿದ್ದೀರಿ, ವೇರ್‌ಹೌಸ್‌ನಲ್ಲಿ ಆಯುಧವೂ ಇದೆ, ಆದ್ರೂ ಸೈನಿಕರು ಬರ್ತಿಲ್ಲವಾ? ಟ್ರೇಡ್ ಅಡ್ವೈಸರ್‌ನಲ್ಲಿ ಆಯುಧವನ್ನ ದಾಸ್ತಾನು ಮಾಡೋ ಆದೇಶ ಕೊಟ್ಟಿದ್ದೀರಾ ನೋಡಿ. ಅದು ಆನ್ ಇದ್ರೆ ಒಂದು ಲೋಡೂ ಬ್ಯಾರಕ್ಸ್ ಕಡೆ ಹೋಗಲ್ಲ. ಇನ್ನೊಂದು, ಗೋಪುರಗಳು. ನೀವು ಹೆದರಿಕೊಂಡು ನಾಲ್ಕು ಗೋಪುರ ಕಟ್ಟಿದ್ರೆ, ಬರೋ ಆಳೆಲ್ಲ ಮೊದಲು ಅಲ್ಲಿಗೇ ಹೋಗ್ತಾರೆ. ಫೋರ್ಟ್ ಖಾಲಿ. ಮೊದಲ ದಾಳಿ ಮುಗಿಯೋವರೆಗೆ ಗೋಪುರ ಬೇಡ, ಆಳು ಫೋರ್ಟ್‌ಗೇ ಹೋಗಲಿ.

ಜಾಗದ ವಿಷಯ. ಹೊಸ ಸೈನಿಕ ಬ್ಯಾರಕ್ಸ್‌ನಿಂದ ನಡ್ಕೊಂಡೇ ಫೋರ್ಟ್‌ಗೆ ಹೋಗ್ಬೇಕು, ಎರಡೂ ಹತ್ತಿರ ಇರಲಿ. ಮಿಲಿಟರಿ ಅಕಾಡೆಮಿ ಇದ್ರೆ ಮೊದಲು ಅಲ್ಲಿಗೆ ಹೋಗಿ ಆಮೇಲೆ ಫೋರ್ಟ್‌ಗೆ. ಅಕಾಡೆಮಿ ಊರಿನ ಆಚೆ ತುದಿಯಲ್ಲಿದ್ರೆ ನಡೆಯೋದ್ರಲ್ಲೇ ಸಮಯ ಹೋಯ್ತು. ಅಲ್ಲಿ ತರಬೇತಾದವರ ಸ್ಥೈರ್ಯ ಹೆಚ್ಚು, ಬೇಗ ಬೆನ್ನು ತೋರಿಸಲ್ಲ. ಆದ್ರೆ ಅದಕ್ಕೆ 20 ಕೆಲಸಗಾರರು, ಚಿಕ್ಕ ಊರಿಗೆ ಭಾರ. ನನ್ನ ಲೆಕ್ಕದಲ್ಲಿ ಅಕಾಡೆಮಿ ಎರಡನೇ ದಾಳಿಗೆ. ಫೋರ್ಟ್, ಬ್ಯಾರಕ್ಸ್ ಎರಡೂ ಅಕ್ಕಪಕ್ಕದ ಮನೆಗಳ ಬೆಲೆ ಇಳಿಸುತ್ತವೆ, ಶ್ರೀಮಂತರ ಬೀದಿಯಿಂದ ದೂರ ಇಡಿ.

ಶತ್ರು ಯಾವ ಕಡೆಯಿಂದ? ಮ್ಯಾಪ್‌ನ ಅಂಚಲ್ಲಿ ದಾಳಿಯ ಜಾಗಗಳು ಮೊದಲೇ ಗೊತ್ತುಮಾಡಿರುತ್ತವೆ, ಒಂದಕ್ಕಿಂತ ಹೆಚ್ಚೂ ಇರಬಹುದು. 1834ರಲ್ಲಿ ಬ್ರಿಟಿಷರು ಕೊಡಗಿಗೆ ನುಗ್ಗಿದ್ದೂ ಹಲವು ದಿಕ್ಕಿನಿಂದಲೇ. ಹಾಗಾಗಿ ಎಲ್ಲಾ ಫೋರ್ಟ್ ಒಂದೇ ಮೂಲೆಗೆ ಸುರೀಬೇಡಿ, ಎರಡು ಕಡೆಗೂ ಬೇಗ ತಲುಪೋ ನಡುಜಾಗ ನೋಡಿ. ಹೊರಗಿನ ಸೇನೆ ಬರೋದಿದ್ರೆ ಎಂಪೈರ್ ಮ್ಯಾಪ್‌ನಲ್ಲಿ ಯುದ್ಧದ ಗುರುತುಗಳು ನಿಮ್ಮ ಊರಿನ ಕಡೆ ಸರೀತಾ ಬರುತ್ತವೆ, ವರ್ಷಕ್ಕೆ ಒಂದೆರಡು ಸಲ ತೆರೆದು ನೋಡಿ. ಸ್ಥಳೀಯ ದಂಗೆಗೆ ಮಾತ್ರ ಈ ಮುನ್ಸೂಚನೆ ಇಲ್ಲ. ಯುದ್ಧದೇವತೆ ಮಾರ್ಸ್ ಮುನಿಸಿಕೊಂಡ್ರೂ ದಂಗೆ ಏಳಬಹುದು. ಒಂದು ಚಿಕ್ಕ ಗುಡಿ ಕಟ್ಟಿಬಿಡಿ.

ಯುದ್ಧದ ದಿನ ಗೇಮ್ ವೇಗ ಇಳಿಸಿ. ಫೋರ್ಟ್‌ನಲ್ಲಿರೋರು ತಾವಾಗಿ ಊರು ಕಾಯೋಕೆ ಹೊರಡಲ್ಲ, ನೀವೇ ಬಾವುಟ ಕ್ಲಿಕ್ ಮಾಡಿ ಕಳಿಸ್ಬೇಕು. ಶತ್ರು ಬರೋ ಮೊದಲೇ ನಿಲ್ಲಿಸಿ, ಯಾಕಂದ್ರೆ ನಡೀತಾ ಇರೋ ಪಡೆ ಹೊಡೆಯಲ್ಲ, ಹೊಡೆಸಿಕೊಳ್ಳುತ್ತೆ. ಲೀಜನರಿ ಇದ್ರೆ ಮುಂದೆ ಎರಡು ಸಾಲು, ಜಾವೆಲಿನ್ ಹಿಂದೆ. ಕೆಲವು ಸೇನೆ ನೇರ ಗ್ರ್ಯಾನರಿ, ಹೊಲದ ಕಡೆ ಹೋಗುತ್ತೆ, ಕೆಲವು ಹಣ ಇರೋ ಕಟ್ಟಡದ ಕಡೆ. ಎರಡಕ್ಕೂ ಮುಂಚೆ ಅಡ್ಡ ನಿಲ್ಲೋ ಜಾಗ ಆರಿಸಿ. ಕಾರ್ತೇಜ್‌ನವರು ಬಂದ್ರೆ ಜೊತೆಗೆ ಆನೆ. ಆನೆ ನುಗ್ಗಿದ್ರೆ ಏನಾಗುತ್ತೆ ಅಂತ ಕೊಡಗಿನವರಿಗೆ ಬೇರೆ ಹೇಳ್ಬೇಕಾಗಿಲ್ಲ. ಹತ್ತಿರ ಬರೋ ಮೊದಲೇ ಎಲ್ಲಾ ಜಾವೆಲಿನ್ ಅದರ ಮೇಲೆ. ಶತ್ರು ಚದುರಿ ಓಡೋಕೆ ಶುರು ಮಾಡಿದ ಮೇಲಷ್ಟೇ ಸಾಲು ಬಿಟ್ಟು ಅಟ್ಟಿಸಿಕೊಂಡು ಹೋಗೋ ಆದೇಶ ಕೊಡಿ.

ಮುಗಿದ ಕೂಡಲೇ ಪಡೆಯನ್ನ ವಾಪಸ್ ಫೋರ್ಟ್‌ಗೆ ಕಳಿಸಿ. ತಿಂಗಳುಗಟ್ಟಲೆ ಹೊರಗೆ ನಿಂತ್ರೆ ಸ್ಥೈರ್ಯ ಕುಸಿಯುತ್ತೆ. ಗೋಡೆ ಕಟ್ಟೋದಾದ್ರೆ ಈಗ ಕಟ್ಟಿ, ಎರಡು ಚೌಕ ದಪ್ಪಕ್ಕೆ. ಅಷ್ಟು ದಪ್ಪ ಇದ್ರೆ ಮಾತ್ರ ಗೋಪುರದ ಕಾವಲುಗಾರರು ಮೇಲೆ ಓಡಾಡ್ತಾರೆ. ಮಿಲಿಟರಿ ಅಡ್ವೈಸರ್‌ನಲ್ಲಿ ಪ್ರತಿ ಪಡೆಗೂ ಸಾಮ್ರಾಜ್ಯ ಸೇವೆಯ ಒಂದು ಬಟನ್ ಇದೆ. ದೂರದ ಯುದ್ಧಕ್ಕೆ ಚಕ್ರವರ್ತಿ ಸೀಸರ್ ಸಹಾಯ ಕೇಳಿದಾಗ ಹೊರಡೋದು ಆ ಗುರುತು ಇರೋ ಪಡೆಗಳೇ. ಇರೋ ಒಂದೇ ಜಾವೆಲಿನ್ ಪಡೆಗೆ ಅದನ್ನ ಆನ್ ಮಾಡಿಟ್ಟಿದ್ರೆ ಈಗಲೇ ಆಫ್ ಮಾಡಿ.