ಬುಟ್ಟಿಯ ಕೆಳಗಿನ ಇಳಿಜಾರು

ಎಲ್ಲರಿಗೂ ನಮಸ್ಕಾರ. ಬೆಟ್ಟದ ಕೋರ್ಸ್‌ನಲ್ಲಿ ಡಿಸ್ಕ್ ಗಾಲ್ಫ್ ಆಡುವ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಹೊಸಬರಿಗೆ ಒಂದು ಮಾತು: ತಟ್ಟೆಯಂಥ ಡಿಸ್ಕನ್ನು ಚೈನು ಕಟ್ಟಿದ ಬುಟ್ಟಿಗೆ ಆದಷ್ಟು ಕಮ್ಮಿ ಎಸೆತದಲ್ಲಿ ಹಾಕುವ ಆಟ ಇದು, ಒಂದೊಂದು ಬುಟ್ಟಿಯ ಆಟಕ್ಕೂ ಒಂದು ಹೋಲ್ ಅನ್ನುತ್ತೇವೆ. ಏಳು ವಿಷಯ ಬರೆದುಕೊಂಡು ಬಂದಿದ್ದೆ. ಆದರೆ ಒಳಗೆ ಬರುವಾಗ ಬಾಗಿಲ ಹತ್ತಿರ ಒಬ್ಬರು ನಿಲ್ಲಿಸಿ ಕೇಳಿದರು, "ಸಾರ್, ಇಳಿಜಾರಲ್ಲಿರೋ ಬುಟ್ಟಿಗಳ ಸುತ್ತ ನೆಲ ಸಮ ಮಾಡಿಸಿಬಿಟ್ರೆ ಒಳ್ಳೇದಲ್ವಾ? ಡಿಸ್ಕ್ ಉರುಳಿ ಹೋಗೋದು ತಪ್ಪುತ್ತೆ." ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದಾರೆ. ಆದರೆ ಈ ಮಾತು ನನಗೆ ಇದೇ ಮೊದಲಲ್ಲ, ಹೋದಲ್ಲೆಲ್ಲ ಕೇಳುತ್ತಿದ್ದೇನೆ. ಹಾಗಾಗಿ ಇವತ್ತು ಇದನ್ನೇ ಮೊದಲು ಹೇಳಿಬಿಡುತ್ತೇನೆ. ದಯವಿಟ್ಟು ಆ ನೆಲ ಸಮ ಮಾಡಬೇಡಿ. ಬೆಟ್ಟದ ಕೋರ್ಸ್‌ನ ಆಟ ಇರುವುದೇ ಆ ಇಳಿಜಾರಲ್ಲಿ.

ಇದು ನನಗೆ ಹೇಗೆ ಗೊತ್ತಾಯಿತು ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಬೆಟ್ಟದ ಕೋರ್ಸ್‌ಗೆ ಮೊದಲ ಸಲ ಹೋಗಿದ್ದೆ. ಅದಕ್ಕೂ ಮುಂಚೆ ಆಡಿದ್ದೆಲ್ಲ ಬಯಲಿನಲ್ಲಿ. ಜೊತೆಗೆ ಹಿರಿಯರೊಬ್ಬರಿದ್ದರು, ಆ ಕೋರ್ಸ್‌ನಲ್ಲೇ ವರ್ಷಗಟ್ಟಲೆ ಆಡಿದವರು. ಅವರ ಚೀಲದಲ್ಲಿ ಇದ್ದದ್ದು ನಾಲ್ಕೇ ಡಿಸ್ಕ್. ಏಳನೇ ಹೋಲ್ ಸುಮಾರು 90 ಮೀಟರ್ ಉದ್ದದ ಏರು, ಪಾರ್ 3, ಅಂದರೆ ಮೂರು ಎಸೆತದಲ್ಲಿ ಮುಗಿಸಬೇಕಾದದ್ದು. ಬುಟ್ಟಿ ಬೆಟ್ಟದ ಒಂದು ಹೆಗಲಿನ ಮೇಲಿತ್ತು. ಅದರ ಕೆಳಗೆ ಹುಲ್ಲು, ಹುಲ್ಲಿನ ಕೆಳಗೆ ಬೇರುಗಳು, ಇನ್ನೂ ಕೆಳಗೆ ಜರೀಗಿಡಗಳ ಪೊದೆ, ಅದರಾಚೆ ತೊರೆ. ನನ್ನ ಎರಡನೇ ಎಸೆತ ಬುಟ್ಟಿಯನ್ನು ದಾಟಿ ಎಂಟು ಮೀಟರ್ ಮೇಲೆ ನಿಂತಿತು. ಕೆಳಮುಖವಾಗಿ ಒಂದು ಪಟ್, ಅಂದರೆ ಹತ್ತಿರದಿಂದ ಬುಟ್ಟಿಗೆ ಒಂದು ಎಸೆತ, ಹಾಕಿದರೆ ಮುಗಿಯಿತು.

ಆ ಹಿರಿಯರು ಮೆತ್ತಗೆ ಅಂದರು, "ಬುಟ್ಟಿ ಆಮೇಲೆ ನೋಡಿ. ಮೊದಲು ಅದರ ಕೆಳಗೆ ನೋಡಿ." ನಾನು ತಲೆಯಾಡಿಸಿದೆ, ನೋಡಿದ್ದು ಮಾತ್ರ ಬುಟ್ಟಿಯನ್ನೇ. ಎಸೆದೆ. ಡಿಸ್ಕ್ ಬುಟ್ಟಿಯ ಅಂಚಿಗೆ ಬಡಿಯಿತು. ಟಣ್! ಆ ಸದ್ದು ನಿಮಗೆಲ್ಲ ಗೊತ್ತು, ಚೈನಿನ ಝಲ್ ಅಲ್ಲ, ಕಬ್ಬಿಣದ ಟಣ್. ಡಿಸ್ಕ್ ಅಂಚಿನ ಮೇಲೆ ನೆಲಕ್ಕೆ ಬಿತ್ತು. ಒಂದು ಕ್ಷಣ ನಾಣ್ಯದ ಹಾಗೆ ನೆಟ್ಟಗೆ ನಿಂತಿತು. ಬೀಳುತ್ತದೆ ಅಂದುಕೊಂಡೆ. ಬೀಳಲಿಲ್ಲ, ಉರುಳಲು ಶುರು ಮಾಡಿತು. ಅವಸರವೇನೂ ಇರಲಿಲ್ಲ ಅದಕ್ಕೆ. ಒಂದು ಬೇರಿಗೆ ತಾಗಿ ನಿಂತಿತು, ಓಲಾಡಿತು, ನಾವಿಬ್ಬರೂ ಉಸಿರು ಹಿಡಿದು ನೋಡುತ್ತಿದ್ದೆವು. ಬೇರನ್ನು ಹತ್ತಿ ದಾಟಿ ಮತ್ತೆ ಹೊರಟಿತು! ನಾವು ಹತ್ತಿ ಬಂದ ಕಾಲುದಾರಿಯನ್ನೇ ಹಿಡಿದು, ತಿರುವಿನಲ್ಲಿ ತಿರುಗಿ, ಜರೀಗಿಡಗಳ ಒಳಗೆ ಹೋಯಿತು.

ಹುಡುಕಲು ನಿಯಮದ ಪ್ರಕಾರ ಮೂರು ನಿಮಿಷ. ಅದರೊಳಗೆ ಸಿಕ್ಕಿತು, ತೊರೆಯಿಂದ ಒಂದು ಗೇಣು ಈಚೆಗೆ. ಅಲ್ಲಿಂದ ನಾಲ್ಕನೇ ಎಸೆತ, ಮೇಲಕ್ಕೆ. ಚೆನ್ನಾಗಿ ಹತ್ತಿತು, ಬುಟ್ಟಿಯ ಹತ್ತಿರ ಎಡಕ್ಕೆ ವಾಲಿ ಇಳಿಯಿತು. ಇಳಿದದ್ದೇ ಅಂಚಿನ ಮೇಲೆ ನಿಂತು, ನನ್ನ ಕಡೆಗೇ ವಾಪಸ್ ಉರುಳಿ ಬಂತು. ಕಾಲ ಹತ್ತಿರ ಬಂದು ಮಲಗಿತು. ಸಾಕಿದ ನಾಯಿಗಿಂತ ನಂಬಿಕಸ್ಥ! ಆಮೇಲೆ ಐದು, ಆರು. ಮೂರರಲ್ಲಿ ಮುಗಿಯಬೇಕಿದ್ದ ಹೋಲ್ ಆರಕ್ಕೆ ಮುಗಿಯಿತು. ಆ ಹಿರಿಯರು ಹೇಳಿದ್ದು ಇಷ್ಟೇ: "ನೀವು ಅದು ಎಲ್ಲಿ ಬೀಳುತ್ತೆ ಅಂತ ಎಸೆದ್ರಿ. ಎಲ್ಲಿ ನಿಲ್ಲುತ್ತೆ ಅಂತ ಎಸೀಬೇಕು."

ನಾನು ಇವತ್ತು ಹೇಳಬೇಕು ಅಂದುಕೊಂಡಿದ್ದು ಈ ಮಾತನ್ನೇ. ಬಯಲಿನಲ್ಲಿ ಬೀಳುವ ಜಾಗವೂ ನಿಲ್ಲುವ ಜಾಗವೂ ಹೆಚ್ಚುಕಮ್ಮಿ ಒಂದೇ. ಬೆಟ್ಟದಲ್ಲಿ ಅವೆರಡರ ನಡುವೆ ಐವತ್ತು ಮೀಟರ್ ಇರಬಹುದು.

ಆ ನಾಲ್ಕನೇ ಎಸೆತ ಯಾಕೆ ವಾಪಸ್ ಬಂತು? ಇಳಿಜಾರು ಅಂತೀರಿ. ಅದು ಅರ್ಧ ಮಾತ್ರ ನಿಜ. ಈಗ ನಾನು ತಂದಿರುವ ಡಿಸ್ಕ್‌ಗಳನ್ನು ಮುಂದಿನ ಸಾಲಿಗೆ ಕೊಡುತ್ತೇನೆ, ನೋಡಿ ಹಿಂದಕ್ಕೆ ದಾಟಿಸಿ. ಬಲಗೈಯವರು ಬ್ಯಾಕ್‌ಹ್ಯಾಂಡ್, ಅಂದರೆ ಕೈಯನ್ನು ಎದೆಗೆ ಅಡ್ಡಲಾಗಿ ತಂದು ಬೀಸಿ, ಎಸೆದರೆ, ಮೇಲಿಂದ ನೋಡಿದಾಗ ಡಿಸ್ಕ್ ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತದೆ. ಕೊನೆಯಲ್ಲಿ ವೇಗ ತಗ್ಗಿದಾಗ ಎಡಕ್ಕೆ ವಾಲುತ್ತದೆ. ಎಡ ಅಂಚು ಕೆಳಗೆ. ಈಗ ಆ ಎಡ ಅಂಚನ್ನೇ ಈ ಮೇಜಿನ ಮೇಲೆ ಚಕ್ರದ ಹಾಗೆ ನಿಲ್ಲಿಸಿ, ಅದೇ ದಿಕ್ಕಿಗೆ ಸುತ್ತಿಸಿ. ನೋಡಿ, ಯಾವ ಕಡೆ ಹೋಯಿತು? ಎಸೆದವನ ಕಡೆಗೇ! ಅಂದರೆ ಡಿಸ್ಕ್ ವಾಪಸ್ ಬರುವ ಸುತ್ತನ್ನು ನಿಮ್ಮ ಕೈಯಿಂದಲೇ ಪಡೆದು ಹೋಗಿರುತ್ತದೆ. ಬಯಲಿನಲ್ಲಿ ಎರಡು ಹೆಜ್ಜೆ ಬಂದು ಬಿದ್ದುಬಿಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಏರಿನಲ್ಲಿ ಸುತ್ತೂ ಇಳಿಜಾರೂ ಕೈ ಸೇರಿಸುತ್ತವೆ. ಎಡಗೈಯವರು ಕ್ಷಮಿಸಿ, ಎಡಬಲ ಅದಲುಬದಲು ಮಾಡಿಕೊಳ್ಳಿ, ಆದರೆ ನಿಮ್ಮದೂ ನಿಮ್ಮ ಕಡೆಗೇ ಬರುತ್ತದೆ.

ಹಾಗಾದರೆ ಏರಿನಲ್ಲಿ ಏನು ಮಾಡಬೇಕು? ಕೊನೆಯಲ್ಲಿ ಜಾಸ್ತಿ ವಾಲುವ ಡಿಸ್ಕ್ ತೆಗೆಯಬೇಡಿ. ನೇರ ಹೋಗುವ ಮಿಡ್‌ರೇಂಜ್, ಅಂದರೆ ಮಧ್ಯಮ ದೂರದ ಡಿಸ್ಕ್, ಸಾಕು. ಇನ್ನೊಂದು, ಏರು ಕಂಡ ತಕ್ಷಣ ನಾವು ಡಿಸ್ಕಿನ ಮೂಗು, ಅಂದರೆ ಮುಂದಿನ ಅಂಚು, ಮೇಲಕ್ಕೆತ್ತುತ್ತೇವೆ. ಆಗ ಅದು ಗಾಳಿಯಲ್ಲಿ ಎದ್ದು, ನಿಂತು, ಎಡಕ್ಕೆ ಕುಸಿಯುತ್ತದೆ. ಮೂಗು ಎತ್ತಬೇಡಿ, ಭುಜಗಳನ್ನೇ ಏರಿನ ಓರೆಗೆ ಹೊಂದಿಸಿ. ದೂರಕ್ಕೆ ಆಟಗಾರರ ಒಂದು ಕೈಲೆಕ್ಕ ಇದೆ: ಒಂದು ಅಡಿ ಏರಿದ್ದರೆ ಮೂರು ಅಡಿ ದೂರ ಜಾಸ್ತಿ ಅಂತ ಇಟ್ಟುಕೊಳ್ಳುವುದು, ಇಳಿತಕ್ಕೆ ಅಷ್ಟೇ ಕಡಿಮೆ. ಅಂದಾಜಿಗೆ ಒಳ್ಳೆಯದು.

ಅಡ್ಡ ಇಳಿಜಾರಿನದು ಇನ್ನೂ ಚೆಂದ. ನೆಲ ಎಡಕ್ಕೆ ಇಳಿಯುತ್ತಿದೆ, ಡಿಸ್ಕೂ ಎಡಕ್ಕೆ ವಾಲಿ ಬರುತ್ತಿದೆ ಅಂದುಕೊಳ್ಳಿ. ಎರಡರ ಓರೆ ಒಂದೇ. ಡಿಸ್ಕ್ ಚಪ್ಪಟೆಯಾಗಿ ಕೂರುತ್ತದೆ, ಸ್ವಲ್ಪ ಜಾರುತ್ತದೆ, ನಿಲ್ಲುತ್ತದೆ. ನೆಲ ಎಡಕ್ಕೆ ಏರುತ್ತಿದ್ದರೆ? ಅಂಚು ನೆಲಕ್ಕೆ ಚುಚ್ಚಿ ಡಿಸ್ಕ್ ಎದ್ದು ನಿಲ್ಲುತ್ತದೆ. ಅಲ್ಲಿಗೆ ಚಕ್ರ ತಯಾರು. ಅಂಥ ಕಡೆ ಫೋರ್‌ಹ್ಯಾಂಡ್, ಅಂದರೆ ಮೈಯ ಪಕ್ಕದಿಂದ ಕೈ ಬೀಸಿ, ಎಸೆಯಿರಿ, ಡಿಸ್ಕ್ ಬಲಕ್ಕೆ ವಾಲಿ ಬರುತ್ತದೆ, ನೆಲದ ಓರೆಗೆ ಸರಿಹೋಗುತ್ತದೆ. ನೆಲ ಸಮ ಮಾಡಿಬಿಟ್ಟರೆ ಈ ಯೋಚನೆಗೆ ಜಾಗವೇ ಇರುವುದಿಲ್ಲ. ಅದಕ್ಕೇ ಬೇಡ ಅನ್ನುವುದು.

ಸ್ವಲ್ಪ ಇತಿಹಾಸ ಹೇಳಲೇಬೇಕು. ಎಡ್ ಹೆಡ್ರಿಕ್ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್‌ನಲ್ಲಿ 1975ರಲ್ಲಿ ಮೊದಲ ಕಾಯಂ ಕೋರ್ಸ್ ಮಾಡಿದಾಗ ಗುರಿಯಾಗಿ ಇದ್ದದ್ದು ಬರೀ ಕಂಬಗಳು. ತಾಗಿತೋ ಇಲ್ಲವೋ ಅಂತ ಜಗಳ. ಚೈನು ಮತ್ತು ಬುಟ್ಟಿಯ ಕಂಬಕ್ಕೆ 1977ರಲ್ಲಿ ಪೇಟೆಂಟ್ ಸಿಕ್ಕಿತು, ಜಗಳ ಮುಗಿಯಿತು. ನನಗೆ ಆ ಮನುಷ್ಯನ ಮೇಲೆ ತುಂಬಾ ಗೌರವ. 2002ರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಅವರ ಚಿತಾಭಸ್ಮವನ್ನು ಪ್ಲಾಸ್ಟಿಕ್ ಜೊತೆ ಸೇರಿಸಿ ಡಿಸ್ಕ್‌ಗಳನ್ನು ಮಾಡಿದರು. 1983ರಲ್ಲಿ ಡೇವ್ ಡನಿಪೇಸ್ ಅಂಚನ್ನು ಓರೆಯಾಗಿ ತೆಳುಮಾಡಿದ ಡಿಸ್ಕ್ ತಂದರು. ಆಮೇಲೆ ದೂರ ಎಲ್ಲಿಂದ ಎಲ್ಲಿಗೋ ಹೋಯಿತು. ನಿಮ್ಮ ಕೈಯಲ್ಲಿ ಸುತ್ತುತ್ತಿರುವ, ದೂರಕ್ಕೆ ಎಸೆಯುವ ಆ ಕೆಂಪು ಡ್ರೈವರ್‌ನ ಅಂಚು ಮುಟ್ಟಿ ನೋಡಿ, ಆಮೇಲೆ ಪಟ್ ಹಾಕುವ ಬಿಳಿ ಪಟರ್‌ನ ಗುಂಡನೆ ಅಂಚು ಮುಟ್ಟಿ. ಇಳಿಜಾರಲ್ಲಿ ಯಾವುದನ್ನು ಎಸೆಯಬೇಕು ಅಂತ ಬೆರಳೇ ಹೇಳುತ್ತದೆ.

ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಲ್ಲಿರುವ ಡಿಲಾವಿಯಾಗ ಕೋರ್ಸ್ 1984ರದು. ಬುಟ್ಟಿಯ ಕೆಳಗಿನ ಇಳಿಜಾರಿಗೇ ಅದು ಹೆಸರುವಾಸಿ. ಅದರ 27ನೇ ಹೋಲ್‌ಗೆ 'ಟಾಪ್ ಆಫ್ ದಿ ವರ್ಲ್ಡ್' ಅಂತ ಹೆಸರು, ಗುಡ್ಡದ ನೆತ್ತಿಯಿಂದ ಕೆಳಕ್ಕೆ ಎಸೆಯುವುದು. ಇಷ್ಟು ವರ್ಷ ಜನ ಅಲ್ಲಿಗೆ ಹೋಗುತ್ತಿರುವುದು ಇಳಿಜಾರು ಇದೆ ಅಂತಲೇ ಅಲ್ವಾ?

ಒಂದು ಕಡೆ ಮಾತ್ರ ಸಮ ಮಾಡಿ, ನಾನೇ ಹೇಳುತ್ತೇನೆ: ಟೀ. ಓಡಿಬಂದು ಎಸೆಯುವ ಜಾಗ ಓರೆಯಿದ್ದರೆ ಮಂಡಿ ಹೋಗುತ್ತದೆ. ಅದು ಆಟವಲ್ಲ, ಪೆಟ್ಟು. ಬುಟ್ಟಿಯ ಸುತ್ತ ಹಾಗಲ್ಲ. ಬೆಟ್ಟದಲ್ಲಿ ನೆಲ ಅಗೆದರೆ ಹುಲ್ಲಿನ ಬೇರು ಹೋಗುತ್ತದೆ, ಮುಂದಿನ ಮಳೆಗೆ ಮಣ್ಣು ಹೋಗುತ್ತದೆ. ನಮ್ಮ ಕಾಲ್ತುಳಿತವೇ ಸಾಕಷ್ಟು ಮಣ್ಣು ಸವೆಸುತ್ತದೆ. ಬೇರು ಎದ್ದಿದ್ದರೆ ಮರದ ಚಕ್ಕೆ ಹರಡಿ, ನೀರು ಪಕ್ಕಕ್ಕೆ ಹೋಗುವ ಹಾಗೆ ಅಡ್ಡಲಾಗಿ ಒಂದು ದಿಮ್ಮಿ ಹಾಕಿ. ಸಾಕು.

ಐದು ನಿಮಿಷ ಅಂತ ಚೀಟಿ ಬಂದಿದೆ. ಮೂರನೇ ವಿಷಯದಲ್ಲೇ ಇದ್ದೇನೆ! ಉಳಿದದ್ದನ್ನು ಓಡಿಸಿಕೊಂಡು ಹೋಗುತ್ತೇನೆ.

ಎತ್ತರ. 2,000 ಮೀಟರ್ ಮೇಲೆ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ 18 ಕಡಿಮೆ. ಡಿಸ್ಕ್‌ಗೆ ಆಸರೆ ಕಡಿಮೆ, ತೇಲುವುದೂ ಕಡಿಮೆ, ಬಲಕ್ಕೆ ತಿರುಗಬೇಕಾದದ್ದು ತಿರುಗದೆ ಬೇಗ ಎಡಕ್ಕೆ ಬೀಳುತ್ತದೆ. ಮೇಲೆ ಆಡುವಾಗ ಸುಲಭವಾಗಿ ತಿರುಗುವ ಡಿಸ್ಕ್ ಒಯ್ಯಿರಿ.

ಗಾಳಿ. ಬಿಸಿಲೇರಿದಾಗ ಕಣಿವೆಯಿಂದ ಮೇಲಕ್ಕೆ ಬೀಸುತ್ತದೆ, ಸಂಜೆ ಬೆಟ್ಟ ತಣ್ಣಗಾದಾಗ ಕೆಳಕ್ಕೆ ಇಳಿಯುತ್ತದೆ. ಬೆಳಗ್ಗೆ ಆಡಿದ ಹೋಲ್ ಸಂಜೆಗೆ ಬೇರೆಯೇ ಆಗಿರುತ್ತದೆ.

ಎಸೆಯುವ ಜಾಗದಿಂದ ಬುಟ್ಟಿ ಕಾಣದ ಹೋಲ್‌ಗಳಲ್ಲಿ ಒಬ್ಬರು ಮುಂದೆ ಹೋಗಿ ನಿಲ್ಲಲಿ. ಹಳ್ಳಿಯ ಬೆಟ್ಟದ ದಾರಿ ನಮ್ಮೊಬ್ಬರದೇ ಅಲ್ಲ, ನಡೆದುಹೋಗುವವರು ದಾಟುವವರೆಗೆ ಡಿಸ್ಕ್ ಕೈಯಲ್ಲೇ ಇರಲಿ.

ಪಟ್ ಬಗ್ಗೆ ತುಂಬಾ ಇತ್ತು, ಒಂದೇ ಹೇಳುತ್ತೇನೆ. ಬುಟ್ಟಿಗೆ 10 ಮೀಟರ್ ಒಳಗೆ ನಿಂತು ಎಸೆದ ಮೇಲೆ ಸಮತೋಲನ ತೋರಿಸದೆ ಮುಂದಕ್ಕೆ ಕಾಲಿಡುವ ಹಾಗಿಲ್ಲ. ಕೆಳಮುಖವಾಗಿ ನಿಂತಾಗ ಇದು ಕಷ್ಟ. ಅದಕ್ಕೇ ಎಸೆಯುವ ಮುಂಚೆ ಹಿಂಗಾಲನ್ನು ಗಟ್ಟಿ ಊರಿ. ಕೆಳಗೆ ಇಳಿಜಾರು ಜೋರಾಗಿದ್ದರೆ ಪಟ್ ಬೇಡ, ಬುಟ್ಟಿಯ ಬುಡದಲ್ಲಿ ಡಿಸ್ಕನ್ನು ಚಪ್ಪಟೆಯಾಗಿ ಮಲಗಿಸಿ, ಮುಂದಿನದರಲ್ಲಿ ಹಾಕಿ. ಅದು ಎಲ್ಲಿ ನಿಲ್ಲುತ್ತದೆ ಅಂತ ನೋಡಿ ಎಸೆಯುವುದು ಅಂದರೆ ಇದೇ.

ಸರಿ, ಸಮಯ ಆಯಿತು. ಹೊರಗೆ ಸಭಾಂಗಣದ ಹಿಂದಿನ ಇಳಿಜಾರಲ್ಲಿ ಒಂದು ಬುಟ್ಟಿ ನಿಲ್ಲಿಸಿದ್ದೇನೆ. ಬಾಗಿಲ ಹತ್ತಿರ ಪ್ರಶ್ನೆ ಕೇಳಿದವರು ಎಲ್ಲಿದ್ದಾರೆ? ಹಾಂ, ನೀವೇ. ಮೊದಲ ಪಟ್ ನಿಮ್ಮದು. ಕೆಂಪು ಡ್ರೈವರ್ ಯಾರ ಹತ್ತಿರ ಇದೆಯೋ ಅವರು ಬುಟ್ಟಿಯ ಕೆಳಗೆ, ಬೇಲಿಯ ಹತ್ತಿರ ಹೋಗಿ ನಿಲ್ಲಿ. ಉರುಳಿ ಬಂದದ್ದನ್ನು ಹಿಡಿಯಲು ಒಬ್ಬರು ಬೇಕು.